ವೇಣುವಿದ್ವಾನ್ ಮಹಾಲಿಂಗಂ

ನಮ್ಮ ದಾವಣಗೆರೆಯ ಕಿವಿ ಹಾರ್ಮೋನಿಯಂ ಪೆಟ್ಟಿಗೆಯ ನಾದದಲ್ಲಿ ಬೆಳೆದುದು. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ನಾಟಕ ಕಂಪೆನಿಯನ್ನು ಕಂಡ ಊರಿನಲ್ಲಿ ಅದು ಹಾಗಿರುವುದು ಸಹಜವೇ ಸರಿ. ರಂಗಗೀತೆಗೆ ಆ ಪೆಟ್ಟಿಗೆಯು ಮಾಡಿರುವ ಉಪಕಾರವನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಅದರ ಒಂದೊಂದು ಮನೆಯೂ ಒಂದೊಂದು ಸ್ವರವನ್ನು ಮೊಳೆ ಹೊಡೆದಂತೆ ನಿಲ್ಲಿಸುತ್ತದೆ. ಒಂದು ಸ್ವರದಿಂದ ಮತ್ತೊಂದಕ್ಕೆ ಜಾರುವ ದಾರಿ ಅದರಲ್ಲಿಲ್ಲ. ಪರದೇಶದ ವಾದ್ಯವೆಂಬ ಆಕ್ಷೇಪದೊಡನೆ ಈ ಕೊರತೆಯೂ ಸೇರಿ, 1940ರಲ್ಲಿ ರೇಡಿಯೋ ಇಲಾಖೆಯು ಹಾರ್ಮೋನಿಯಂ ಅನ್ನು ತನ್ನ ನಿಲಯಗಳಿಂದ ಹೊರಗೆ ಹಾಕಿತು. ಸುಮಾರು ಮೂರು ದಶಕಗಳ ಕಾಲ ಅದಕ್ಕೆ ಅಲ್ಲಿ ಪ್ರವೇಶವಿರಲಿಲ್ಲ.

ಇದನ್ನು ಈಗ ಹೇಳಲು ಕಾರಣವಿದೆ. ಮಕ್ಕಳ ಕೈಗೆ ಕೊಳಲನ್ನು ಕೊಡಿಸುವ ತಂದೆತಾಯಿಗಳು ನಮ್ಮ ಪಟ್ಟಣದಲ್ಲಿ ಹೆಚ್ಚುತ್ತಿದ್ದಾರೆ. ಸಂತೋಷದ ಮಾತು. ಆದರೆ ಮಗುವು ಸರಳೆ ವರಸೆಯನ್ನು ಮುಗಿಸುವ ಮೊದಲೇ ಸ್ವರವನ್ನು ನಡುಗಿಸಲು ಹವಣಿಸುತ್ತದೆ. ಹೊಟ್ಟೆಯಿಂದಲೋ ಗಂಟಲಿನಿಂದಲೋ ಉಸಿರನ್ನು ಅಲುಗಿಸಿ, ಎಲ್ಲ ಸ್ವರಗಳಿಗೂ ಒಂದೇ ಬಗೆಯ ನಡುಕವನ್ನು ಬಳಿದು, ಅದನ್ನೇ ಗಮಕವೆಂದು ಭಾವಿಸುತ್ತದೆ. ಕೈಯಲ್ಲಿನ ದೂರವಾಣಿಯೊಳಗೆ ಸಿಕ್ಕುವ ಪಾಠಗಳಲ್ಲಿ ಅನೇಕವು ಇದನ್ನೇ ಕಲಿಸುತ್ತವೆ. ಪಾಶ್ಚಾತ್ಯರ ಕೊಳಲಿಗೆ ಈ ಉಸಿರಿನ ಅಲುಗು ಒಪ್ಪುವ ಅಲಂಕಾರ. ಸೆಕೆಂಡಿಗೆ ಐದಾರು ಬಾರಿ ಸಮನಾಗಿ ತುಯ್ಯುವ ಆ ನಾದವು ಅವರ ಸಂಗೀತದಲ್ಲಿ ಸುಂದರವೇ ಹೌದು. ನಮ್ಮ ಸಂಗೀತದಲ್ಲಿ ಗಮಕವು ಸ್ವರದ ಮೇಲೆ ತೊಡಿಸಿದ ಒಡವೆಯಲ್ಲ, ಸ್ವರದ ಮೈಯೇ ಅದು. ಈ ಭೇದವನ್ನು ಬಿದಿರಿನ ಕೊಳವೆಯಲ್ಲಿ ಸಾಧಿಸಿ ತೋರಿಸಿದವರೆಂದರೆ ಮಾಲಿ ಎಂದೇ ಲೋಕಪ್ರಸಿದ್ಧರಾದ ಟಿ.ಆರ್. ಮಹಾಲಿಂಗಂ ಅವರು. ಅವರು ಕಾಲವಾಗಿ ದಶಕಗಳೇ ಸಂದಿವೆ. ಅವರ ಚರಿತ್ರೆಯನ್ನು ನಮ್ಮ ವಾಚಕರಿಗೆ ನೆನಪು ಮಾಡಿಕೊಡುವುದು ಯುಕ್ತವೆಂದು ನಾವು ತಿಳಿದಿದ್ದೇವೆ.

ಮಹಾಲಿಂಗಂ ಅವರು ಹುಟ್ಟಿದುದು 1926ನೆಯ ಇಸವಿ ನವೆಂಬರ್ 6ರಂದು, ತಂಜಾವೂರು ಸೀಮೆಯ ತಿರುವಿಡೈಮರುದೂರಿನಲ್ಲಿ. ಸೋದರಮಾವ ಗೋಪಾಲ ಅಯ್ಯರ್ ಸಂಗೀತದ ಉಪಾಧ್ಯಾಯರು. ಮನೆಯ ಮಕ್ಕಳಿಗೆಲ್ಲ ಅವರೇ ಗುರುಗಳು. ಬಾಲಕನಿಗೆ ಕೊಳಲಿನ ಮೇಲೆ ಆಸೆ. ಮಗುವಿನ ಮೈ ದುರ್ಬಲವೆಂದೂ, ಊದುವುದರಿಂದ ಎದೆಗೆ ಕೇಡಾದೀತೆಂದೂ ಮಾವನವರು ಅದಕ್ಕೆ ಸಮ್ಮತಿಸದೆ, ಹಾಡುಗಾರಿಕೆಯನ್ನು ಹೇಳಿಕೊಡಲಾರಂಭಿಸಿದರು. ಹುಡುಗನು ಹಾಡನ್ನು ಕಲಿತನು. ಕೊಳಲನ್ನು ಕದ್ದು ಊದಿದನು. ಒಂದು ದಿನ ಮಾವನವರು ಮನೆಗೆ ಬರುವಾಗ ಒಳಗಿನಿಂದ ಭೈರವಿ ರಾಗದ ಪ್ರಸಿದ್ಧವಾದ ಅಟತಾಳ ವರ್ಣವು ಕೊಳಲಿನಲ್ಲಿ ಕೇಳಿಬಂದಿತೆಂದೂ, ಯಾರೂ ಹೇಳಿಕೊಡದೆ ನುಡಿಸುತ್ತಿದ್ದವನು ತಮ್ಮ ಸೋದರಳಿಯನೇ ಎಂದು ಕಂಡು ಅವರು ಬೆರಗಾದರೆಂದೂ ಪ್ರತೀತಿಯಿದೆ.

ಈ ಕಥೆಯನ್ನು ಹೇಳುವವರೆಲ್ಲ ಬಾಲಪ್ರತಿಭೆಯನ್ನು ಕೊಂಡಾಡಿ ಮುಂದೆ ಸಾಗುತ್ತಾರೆ. ನಮಗಾದರೋ ಇದರಲ್ಲಿ ಬೇರೆಯದೇ ಒಂದು ಸಂಗತಿಯು ಮುಖ್ಯವಾಗಿ ತೋರುತ್ತದೆ. ಕೊಳಲನ್ನು ನಿಷೇಧಿಸಿ ಹಾಡನ್ನು ಕಲಿಸಿದ ಆ ಮಾವನವರು, ತಮಗೆ ಅರಿವಿಲ್ಲದೆಯೇ ಶಿಷ್ಯನಿಗೆ ಕೊಳಲಿನ ವಿದ್ಯೆಯನ್ನೇ ಕೊಟ್ಟರು. ಅಟತಾಳ ವರ್ಣವೆಂದರೆ ಗಮಕಗಳ ಭಂಡಾರ. ಅದನ್ನು ಕಂಠದಲ್ಲಿ ಪಡೆದ ಹುಡುಗನು ಬೆರಳಿನಿಂದ ಅದನ್ನು ಹುಡುಕಿದನು. ಬೆರಳು ಏನು ಮಾಡಬೇಕೆಂಬುದನ್ನು ಕಿವಿಯು ಮೊದಲೇ ಬಲ್ಲುದಾಗಿತ್ತು. ಕೊಳಲನ್ನೇ ಮೊದಲು ಹಿಡಿದಿದ್ದರೆ ಅಂದಿನ ಕೊಳಲುಗಾರರು ನುಡಿಸುತ್ತಿದ್ದಂತೆಯೇ ಆತನೂ ನುಡಿಸುತ್ತಿದ್ದನೋ ಏನೋ.

ಅಂದಿನ ಕೊಳಲು ಹೇಗಿದ್ದಿತು? ದಕ್ಷಿಣದಲ್ಲಿ ವೇಣುವನ್ನು ಕಚೇರಿಯ ವೇದಿಕೆಗೆ ಏರಿಸಿದ ಕೀರ್ತಿಯು ಕುಂಭಕೋಣದ ಶರಭಶಾಸ್ತ್ರಿಗಳಿಗೆ ಸಲ್ಲಬೇಕು. 1872ರಲ್ಲಿ ಹುಟ್ಟಿ, ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡು, 1904ರಲ್ಲಿ ಇನ್ನೂ ತರುಣರಾಗಿರುವಾಗಲೇ ತೀರಿಕೊಂಡ ಆ ಮಹನೀಯರ ಶಿಷ್ಯರು ಪಲ್ಲಡಂ ಸಂಜೀವರಾಯರು. ಬಾಲಕ ಮಾಲಿಯು ಬೆಳೆಯುತ್ತಿದ್ದ ಕಾಲದಲ್ಲಿ ಸಂಜೀವರಾಯರೇ ವೇಣುವಾದನದಲ್ಲಿ ಅಗ್ರಗಣ್ಯರು. ಅವರ ನಾದವು ಶುದ್ಧ, ಲಯವು ನಿರ್ದುಷ್ಟ. ಆದರೆ ಅವರ ಪದ್ಧತಿಯಲ್ಲಿ ಸ್ವರಗಳು ಬಹುಮಟ್ಟಿಗೆ ಬಿಡಿಬಿಡಿಯಾಗಿ, ಒಂದರ ಪಕ್ಕಕ್ಕೆ ಒಂದು ಪೋಣಿಸಿದ ಮಣಿಗಳಂತೆ ಬರುತ್ತಿದ್ದವು. ಕೊಳಲಿನ ರಂಧ್ರಗಳು ನಿಂತಲ್ಲಿಯೇ ನಿಂತಿರುವುವಾದುದರಿಂದ ವೀಣೆಯ ತಂತಿಯನ್ನು ಎಳೆದಂತೆ ಅಲ್ಲಿ ಎಳೆಯುವುದಕ್ಕೆ ಏನೂ ಇಲ್ಲ. ಕೊಳಲಿನ ಸ್ವಭಾವವೇ ಅಷ್ಟು ಎಂದು ರಸಿಕರೂ ಒಪ್ಪಿಕೊಂಡಿದ್ದರು.

1933ರಲ್ಲಿ, ಏಳನೆಯ ವಯಸ್ಸಿನಲ್ಲಿ, ಮಾಲಿಯ ಮೊದಲ ಕಚೇರಿಯು ಮದರಾಸಿನ ಮೈಲಾಪುರದ ತ್ಯಾಗರಾಜೋತ್ಸವದಲ್ಲಿ ನಡೆಯಿತು. ಗಾಯಕ ಮುಸಿರಿ ಸುಬ್ರಹ್ಮಣ್ಯ ಅಯ್ಯರ್, ಪಿಟೀಲು ವಿದ್ವಾನ್ ಪರೂರು ಸುಂದರಂ ಅಯ್ಯರ್ ಮೊದಲಾದ ಹಿರಿಯರು ಕೇಳಿ, ಬಾಲಕನಿಗೆ ಶಾಲು ಹೊದಿಸಿ ಗೌರವಿಸಿದರು. ಗಾಯಕರೊಬ್ಬರು ಕೊಳಲಿನವನಿಗೆ ತಲೆದೂಗಿದುದು ನಮ್ಮ ವಿಷಯಕ್ಕೆ ಅರ್ಥವತ್ತಾದುದು. ಕೊಳಲಿನಲ್ಲಿ ಹಾಡು ಕೇಳಿಸಿತ್ತು.

ಅದು ಹೇಗೆ ಸಾಧ್ಯವಾಯಿತೆಂಬುದನ್ನು ತುಸು ವಿವರವಾಗಿಯೇ ಹೇಳಬೇಕು. ಕರ್ಣಾಟಕ ಪದ್ಧತಿಯ ಕೊಳಲಿಗೆ ಊದುವ ರಂಧ್ರವಲ್ಲದೆ ಎಂಟು ರಂಧ್ರಗಳುಂಟು. ಅವುಗಳಲ್ಲಿ ಏಳನ್ನು ಬೆರಳುಗಳು ಆಳುತ್ತವೆ. ರಂಧ್ರವನ್ನು ಪೂರ್ತಿ ಮುಚ್ಚುವುದು, ಪೂರ್ತಿ ತೆರೆಯುವುದು ಎಂಬ ಎರಡೇ ಸ್ಥಿತಿಗಳನ್ನು ಬಲ್ಲ ಬೆರಳಿಗೆ ಹಾರ್ಮೋನಿಯಂ ಪೆಟ್ಟಿಗೆಗಿಂತ ಹೆಚ್ಚಿನ ಭಾಗ್ಯವಿಲ್ಲ. ಬೆರಳು ರಂಧ್ರದ ಅಂಚಿನಿಂದ ಮೆಲ್ಲನೆ ಹೊರಳಿದರೆ ಸ್ವರವು ಜಾರುತ್ತದೆ; ಕಾಲು, ಅರೆ, ಮುಕ್ಕಾಲು ಎಂದು ತೆರೆದಷ್ಟಕ್ಕೂ ಬೇರೆ ಬೇರೆ ಶ್ರುತಿಯು ಹುಟ್ಟುತ್ತದೆ. ಇದರ ಜೊತೆಗೆ ತುಟಿಯು ಊದುರಂಧ್ರವನ್ನು ಹೆಚ್ಚು ಕವಿದರೆ ಸ್ವರವು ಇಳಿಯುವುದು, ಉಸಿರಿನ ಒತ್ತಡವು ಏರಿದರೆ ಸ್ವರವೂ ಏರುವುದು. ಬೆರಳು, ತುಟಿ, ಉಸಿರು ಈ ಮೂರನ್ನೂ ಒಂದೇ ಚಿತ್ತದ ಅಧೀನಕ್ಕೆ ತಂದವರು ಮಾಲಿ. ಗಿಳಿಯು ಕೊಂಬೆಯನ್ನು ಹಿಡಿದಂತೆ ಕೊಳಲನ್ನು ಹಿಡಿಯುವ ಕ್ರಮವನ್ನೂ, ಒಂದು ರಂಧ್ರವನ್ನು ತೆರೆದು ಅದರ ಕೆಳಗಿನದನ್ನು ಮುಚ್ಚುವ ಅಡ್ಡಬೆರಳಿನ ವಿಧಾನವನ್ನೂ ಅವರು ರೂಢಿಗೆ ತಂದರು. ಅಲ್ಲಿಂದೀಚೆಗೆ ದಕ್ಷಿಣದ ಕೊಳಲಿಗೆ ಕಂಠದ ಗಮಕವು ದಕ್ಕಿತು.

ಕಂಪಿತವೆಂಬುದನ್ನು ಮಂಡಿಪೇಟೆಯ ವರ್ತಕರಿಗೆ ತಿಳಿಸಲು ತಕ್ಕಡಿಯ ಮುಳ್ಳನ್ನು ತೋರಿಸಿದರೆ ಸಾಕು. ತೂಕದ ಕಲ್ಲನ್ನಿಟ್ಟು ಧಾನ್ಯವನ್ನು ಸುರಿದೊಡನೆ ಮುಳ್ಳು ಅತ್ತ ಇತ್ತ ತೂಗುತ್ತದೆ. ಆ ತೂಗಾಟವು ಎಲ್ಲಿಂದ ಎಲ್ಲಿಗೆ ಎಂಬುದನ್ನು ನೋಡಿಯೇ ನುರಿತ ವ್ಯಾಪಾರಿಯು ಮಧ್ಯವನ್ನು ಅರಿತುಬಿಡುತ್ತಾನೆ. ದಕ್ಷಿಣಾದಿಯ ತೋಡಿ ರಾಗದ ಗಾಂಧಾರವು ಅಂಥದು. ಅದು ಕೆಳಗೆ ರಿಷಭದ ಕಡೆಗೂ ಮೇಲೆ ಮಧ್ಯಮದ ಕಡೆಗೂ ತೂಗುತ್ತಲೇ ಗಾಂಧಾರವೆನಿಸುತ್ತದೆ. ಅದನ್ನು ಹಿಡಿದು ನೇರವಾಗಿ ನಿಲ್ಲಿಸಿದರೆ ತೋಡಿಯೇ ಉಳಿಯದು. ಷಡ್ಜ ಪಂಚಮಗಳಾದರೋ ಅಚಲ ಸ್ವರಗಳು. ಅವನ್ನು ಅಲುಗಿಸಿದರೆ ಶ್ರುತಿಯೇ ಕೆಟ್ಟಿತು. ಯಾವ ಸ್ವರ, ಎಷ್ಟು ದೂರ, ಎಷ್ಟು ವೇಗ ಎಂಬುದನ್ನು ರಾಗವು ನಿರ್ಣಯಿಸಬೇಕಲ್ಲದೆ ನುಡಿಸುವವನ ಹೊಟ್ಟೆಯಲ್ಲ. ಹದಿಮೂರನೆಯ ಶತಮಾನದಲ್ಲಿ ಸಂಗೀತರತ್ನಾಕರವನ್ನು ಬರೆದ ಶಾರ್ಙ್ಗದೇವನು ಗಮಕಗಳನ್ನು ಹದಿನೈದಾಗಿ ಎಣಿಸಿದ್ದಾನೆ. ಕಂಪಿತವು ಅವುಗಳಲ್ಲಿ ಒಂದು ಮಾತ್ರ. ಉಸಿರಿನ ನಡುಕವೊಂದನ್ನೇ ಬಲ್ಲವನು ಉಳಿದ ಹದಿನಾಲ್ಕನ್ನು ಎಲ್ಲಿಂದ ತರುವನು?

ತುಂಗಭದ್ರೆಯ ಆಚೆಯ ಸಂಗೀತಕ್ಕೆ ಒಲಿದ ನಮ್ಮ ಹರಿಹರದ ಸ್ನೇಹಿತರು ಪನ್ನಾಲಾಲ್ ಘೋಷರನ್ನು ನೆನೆಯದಿದ್ದರೆ ನಮ್ಮ ಮೇಲೆ ಮುನಿದಾರು. ಬಾರಿಸಾಲಿನಲ್ಲಿ 1911ರಲ್ಲಿ ಹುಟ್ಟಿ 1960ರಲ್ಲಿ ತೀರಿಕೊಂಡ ಘೋಷರು ಉದ್ದವಾದ ಬಾನ್ಸುರಿಯನ್ನು ಮಾಡಿಸಿ, ಖ್ಯಾಲ್ ಗಾಯನದ ಮೀಂಡನ್ನು ಅದರಲ್ಲಿ ಹೊರಡಿಸಿದರು. ಮಾಲಿಯವರದು ಗಿಡ್ಡ ಕೊಳಲು, ಘೋಷರದು ನೀಳವಾದುದು. ಒಂದರ ಗಮಕವು ತೂಗುವುದು, ಮತ್ತೊಂದರದು ಜಾರುವುದು. ದಾರಿಗಳು ಬೇರೆಯಾದರೂ ಇಬ್ಬರೂ ಕಂಠವನ್ನೇ ಗುರಿಯಾಗಿರಿಸಿಕೊಂಡು ಬಿದಿರನ್ನು ಅದಕ್ಕೆ ಒಗ್ಗಿಸಿದರು. ಒಂದೇ ಪೀಳಿಗೆಯಲ್ಲಿ, ಒಂದೇ ದೇಶದ ಎರಡು ತುದಿಗಳಲ್ಲಿ, ಪರರ ಯಂತ್ರದ ಹಂಗಿಲ್ಲದೆ ಇದು ನಡೆದುದು ನಮಗೆ ಅಭಿಮಾನದ ವಿಷಯ. ಯೂರೋಪಿನಲ್ಲಿ ಥಿಯೋಬಾಲ್ಡ್ ಬೋಮ್ ಎಂಬಾತನು 1847ರಲ್ಲಿ ಕೊಳಲಿಗೆ ಲೋಹದ ಕೀಲಿಗಳನ್ನು ಜೋಡಿಸಿ ಪರಿಪೂರ್ಣಗೊಳಿಸಿದನು. ಅದರಿಂದ ಎಲ್ಲ ಸ್ವರಗಳೂ ಸಮವಾಗಿ ಸಿಕ್ಕಿದವು. ಆದರೆ ಕೀಲಿಯು ಬೆರಳಿಗೂ ರಂಧ್ರಕ್ಕೂ ನಡುವೆ ಬಂದು ಕುಳಿತುದರಿಂದ, ಹೊರಳುವ ಬೆರಳಿಗೆ ಅಲ್ಲಿ ಎಡೆಯಿಲ್ಲವಾಯಿತು. ನಮ್ಮ ಕೊಳಲಿಗೆ ಬಡತನವೇ ಒದಗಿ ಬಂದಿತೆನ್ನಬೇಕು.

ಇನ್ನು ಮಾಲಿಯವರ ನಡತೆಯ ವಿಷಯ. ಸತ್ತವರ ಗುಣವನ್ನೇ ಹೇಳಬೇಕೆಂಬ ಶಿಷ್ಟಾಚಾರವನ್ನು ನಾವು ಬಲ್ಲೆವು; ಆದರೂ ಅರ್ಧ ಚರಿತ್ರೆಯನ್ನು ಬರೆಯುವುದು ನಮ್ಮ ಪತ್ರಿಕೆಯ ಸಂಪ್ರದಾಯವಲ್ಲ. ಹದಿಹರೆಯದಲ್ಲಿಯೇ ಅವರ ಕಚೇರಿಗಳಿಗೆ ಜನವು ಕಿಕ್ಕಿರಿಯುತ್ತಿತ್ತು. ಪಾಲ್ಘಾಟ್ ಮಣಿ ಅಯ್ಯರ್ ಅವರಂಥ ಮೃದಂಗ ವಿದ್ವಾಂಸರು ಪಕ್ಕವಾದ್ಯಕ್ಕೆ ಕುಳಿತರು. ಆ ಮೇಲೆ ಬರಬೇಕಾದ ಸಭೆಗೆ ಬಾರದಿರುವುದು, ಬಂದರೂ ಗಂಟೆಗಟ್ಟಲೆ ತಡಮಾಡುವುದು, ನಡುವೆಯೇ ಕೊಳಲನ್ನು ಕೆಳಗಿಟ್ಟು ಎದ್ದುಹೋಗುವುದು, ವರ್ಷಗಟ್ಟಲೆ ವೇದಿಕೆಯನ್ನೇ ಏರದಿರುವುದು ಅವರ ಹೆಸರಿನೊಡನೆ ಅಂಟಿಕೊಂಡವು. ಮದ್ಯವೂ ಅವರನ್ನು ಬಾಧಿಸಿತು. ಹಣ ತೆತ್ತು ಬಂದು ಕಾದು ಕುಳಿತ ರಸಿಕನಿಗೂ, ಸಾಲ ಮಾಡಿ ಸಭೆಯನ್ನು ಏರ್ಪಡಿಸಿದ ಕಾರ್ಯದರ್ಶಿಗೂ ಇದರಿಂದಾದ ಕಷ್ಟವನ್ನು ಪ್ರತಿಭೆಯ ವಿಲಾಸವೆಂದು ಹೊಗಳುವವರನ್ನು ನಾವು ಒಪ್ಪಲಾರೆವು. ಕೊಟ್ಟ ಮಾತಿಗೆ ಮಂಡಿಪೇಟೆಯಲ್ಲಿ ಇರುವ ಬೆಲೆಯು ಕಲಾವಿದನ ಮಾತಿಗೆ ಇರಬೇಡವೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಆದರೆ ಇದೇ ಮನುಷ್ಯನು ಕೊಳಲನ್ನು ತುಟಿಗಿಟ್ಟಾಗ ತೋರುತ್ತಿದ್ದ ಶಿಸ್ತು ಬೇರೆಯವರಲ್ಲಿ ಅಪರೂಪ. ಚೌಕಕಾಲದಲ್ಲಿ ಒಂದು ಸ್ವರವನ್ನು ಹಿಡಿದು, ಅದು ತನ್ನ ತೂಗಾಟವನ್ನು ಮುಗಿಸುವವರೆಗೆ ಮುಂದಿನದಕ್ಕೆ ಅವಸರಿಸದೆ, ನಡುವೆ ಮೌನವನ್ನು ಬಿಟ್ಟು ನುಡಿಸುವುದು ಅವರ ಹೆಗ್ಗುರುತು. ಉಳಿದಿರುವ ಧ್ವನಿಮುದ್ರಣಗಳಲ್ಲಿ ಈ ಮೌನವನ್ನು ಇಂದಿಗೂ ಕೇಳಬಹುದು. ಪಿಟೀಲನ್ನೂ ಅವರು ನುಡಿಸಬಲ್ಲವರಾಗಿದ್ದರು. ತಂತಿಯ ಮೇಲೆ ಬೆರಳು ಜಾರುವ ಆ ವಾದ್ಯದ ಪರಿಚಯವು ಕೊಳಲಿನ ಬೆರಳಿಗೂ ನೆರವಾಗಿರಬೇಕೆಂಬುದು ನಮ್ಮ ಊಹೆ.

ಜೀವಿತದ ಅನೇಕ ವರ್ಷಗಳನ್ನು ಅವರು ಬೆಂಗಳೂರಿನಲ್ಲಿ ಕಳೆದರು. ಹುಟ್ಟಿನಿಂದ ತಮಿಳರಾದರೂ ಕನ್ನಡ ನಾಡಿನ ಅನ್ನವನ್ನುಂಡು ಇಲ್ಲಿಯವರಾಗಿ ಬಾಳಿದವರನ್ನು ನಮ್ಮವರೆಂದು ಎಣಿಸಲು ನಾವು ಹಿಂದೆಗೆಯಬೇಕಾಗಿಲ್ಲ. ನಡುವೆ ಕೆಲವು ವರ್ಷ ಅಮೆರಿಕದಲ್ಲಿಯೂ ಇದ್ದು ಹಿಂತಿರುಗಿದರು. 1986ನೆಯ ಇಸವಿ ಮೇ 31ರಂದು, ಅರುವತ್ತು ತುಂಬುವ ಮೊದಲೇ, ಅವರು ಕಾಲಾಧೀನರಾದರು.

ಕಲಿಯುವ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಈ ಚರಿತ್ರೆಯಿಂದ ದೊರೆಯುವ ಸಹಾಯವು ಬಹಳ ಸರಳವಾದುದು. ಮೊದಲು ನೀಳವಾದ, ಅಲುಗದ ಸ್ವರವು ಉಸಿರಿನಲ್ಲಿ ನಿಲ್ಲಬೇಕು. ನಿಲ್ಲಲಾರದ ಸ್ವರವನ್ನು ತೂಗುವುದೆಂದರೆ ಗೂಟವಿಲ್ಲದ ತೊಟ್ಟಿಲನ್ನು ತೂಗಿದಂತೆ. ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆಯು ನಂಬುವ ಮಾಯಾಮಾಳವಗೌಳದ ಸರಳೆಗಳು ಇದಕ್ಕೆ ಸಾಕು. ಬಳಿಕ ಯಾವ ಗಮಕವು ಬೇಕೋ ಅದನ್ನು ಹಾಡಬೇಕು. ಕಂಠವು ಇಂಪಾಗಿರಬೇಕಾಗಿಲ್ಲ, ಸ್ವರವು ಎಲ್ಲಿಂದ ಎಲ್ಲಿಗೆ ಹೋಯಿತೆಂಬುದು ತಿಳಿದರಾಯಿತು. ಆ ಮೇಲೆ ತಾಳ ಹಾಕಿಕೊಂಡು, ಅಕ್ಷರಕ್ಕೆ ಒಂದು ತೂಗು, ಅದು ಸಮನಾದ ಮೇಲೆ ಎರಡು, ಆಮೇಲೆ ನಾಲ್ಕು ಎಂದು ಬೆರಳನ್ನು ಹೊರಳಿಸುತ್ತ ಸಾಧಿಸಬೇಕು. ತಿಂಗಳುಗಳು ಹಿಡಿಯುತ್ತವೆ. ವಾರದಲ್ಲಿ ಕಲಿಸುವೆವೆನ್ನುವವರು ಉಸಿರಿನ ನಡುಕವನ್ನು ಮಾರುತ್ತಿದ್ದಾರೆಂದು ತಿಳಿಯಬಹುದು.

ಮಾಲಿಯವರ ವಿದ್ಯೆಯು ಅವರೊಡನೆ ಮುಗಿಯಲಿಲ್ಲ. ಟಿ.ಎಸ್. ಶಂಕರನ್, ಎನ್. ರಮಣಿ ಮೊದಲಾದವರು ಅವರಲ್ಲಿ ಕಲಿತರು. 1934ರಲ್ಲಿ ಹುಟ್ಟಿದ ರಮಣಿಯವರು ಗುರುವಿನ ಗಮಕವನ್ನು ಕೈಗೊಂಡರು, ಗುರುವಿನ ಹುಚ್ಚಾಟವನ್ನು ಕೈಗೊಳ್ಳಲಿಲ್ಲ. ದೇಶವಿದೇಶಗಳ ಸಭೆಗಳಲ್ಲಿ ಹೊತ್ತಿಗೆ ಸರಿಯಾಗಿ ಕುಳಿತು ನುಡಿಸಿ, ಉತ್ತರದ ನೀಳ ಕೊಳಲನ್ನೂ ಕರ್ಣಾಟಕ ಸಂಗೀತಕ್ಕೆ ಒಗ್ಗಿಸಿಕೊಂಡು, ಅನೇಕ ಶಿಷ್ಯರನ್ನು ತಯಾರು ಮಾಡಿ, 2015ರಲ್ಲಿ ತೀರಿಕೊಂಡರು.