ರೋಗಗಳ ನಕ್ಷೆ ಬರೆದ ವೈದ್ಯ ಡೆನಿಸ್ ಬರ್ಕಿಟ್

ಮಕ್ಕಳೇ, ನಕ್ಷೆಯಲ್ಲಿ ನೀವು ನದಿ, ಬೆಟ್ಟ, ಊರುಗಳನ್ನು ಗುರುತಿಸಿದ್ದೀರಿ. ರೋಗಗಳನ್ನೂ ನಕ್ಷೆಯಲ್ಲಿ ಗುರುತಿಸಿ ಅವುಗಳ ಕಾರಣ ಹುಡುಕಿದ ವೈದ್ಯರೊಬ್ಬರಿದ್ದರು. ಅವರೇ ಡೆನಿಸ್ ಬರ್ಕಿಟ್.

ಬರ್ಕಿಟ್ 1911ರ ಫೆಬ್ರವರಿ 28ರಂದು ಐರ್ಲೆಂಡಿನಲ್ಲಿ ಜನಿಸಿದರು. ಅವರ ತಂದೆ ಎಂಜಿನಿಯರ್. ಬಿಡುವಿನ ವೇಳೆಯಲ್ಲಿ ಅವರು ರಾಬಿನ್ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ, ಯಾವ ಹಕ್ಕಿ ಎಲ್ಲಿ ವಾಸಿಸುತ್ತದೆ ಎಂದು ನಕ್ಷೆ ಬರೆಯುತ್ತಿದ್ದರು. ಡೆನಿಸ್ ಹನ್ನೊಂದನೆಯ ವಯಸ್ಸಿನಲ್ಲಿ ಕಲ್ಲೇಟು ಬಿದ್ದು ಒಂದು ಕಣ್ಣು ಕಳೆದುಕೊಂಡರು. ಆದರೂ ಎದೆಗುಂದದೆ ಓದಿ ಶಸ್ತ್ರವೈದ್ಯರಾದರು.

1946ರಲ್ಲಿ ಅವರು ಆಫ್ರಿಕದ ಉಗಾಂಡಾ ದೇಶಕ್ಕೆ ಹೋದರು. 1957ರಲ್ಲಿ ದವಡೆಯಲ್ಲಿ ಗಡ್ಡೆ ಬೆಳೆದಿದ್ದ ಮಗುವೊಂದನ್ನು ಕಂಡರು. ಇಂತಹ ಮಕ್ಕಳು ಎಲ್ಲೆಲ್ಲಿ ಇದ್ದಾರೆ ಎಂದು ತಿಳಿಯಲು 1961ರಲ್ಲಿ ಇಬ್ಬರು ಗೆಳೆಯರೊಂದಿಗೆ ಹಳೆಯ ಕಾರಿನಲ್ಲಿ ಸುಮಾರು 16,000 ಕಿ.ಮೀ. ಸುತ್ತಿದರು. ಸೆಕೆ ಮತ್ತು ಮಳೆ ಹೆಚ್ಚಿರುವ ಸೀಮೆಯಲ್ಲೇ ಈ ರೋಗ ಹೆಚ್ಚೆಂದು ನಕ್ಷೆ ತೋರಿಸಿತು. ಆ ಕ್ಯಾನ್ಸರಿಗೆ ಇಂದು ಬರ್ಕಿಟ್ ಲಿಂಫೋಮಾ ಎಂದು ಹೆಸರು.

1966ರಲ್ಲಿ ಅವರು ಇಂಗ್ಲೆಂಡಿಗೆ ಮರಳಿದರು. ಅಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಸಾಮಾನ್ಯವಾಗಿತ್ತು. ಆಫ್ರಿಕದ ಹಳ್ಳಿಗಳಲ್ಲಿ ಅದು ಬಹಳ ಅಪರೂಪ. ಇದೇಕೆ? ಬರ್ಕಿಟ್ ಅನೇಕ ಆಸ್ಪತ್ರೆಗಳಿಗೆ ಪತ್ರ ಬರೆದು ಮಾಹಿತಿ ತರಿಸಿಕೊಂಡರು. ಜನರ ಮಲವನ್ನೂ ತೂಕ ಮಾಡಿಸಿದರು! ತಿಂದದ್ದು ದೇಹದಿಂದ ಹೊರಬರಲು ಉಗಾಂಡಾದ ಹಳ್ಳಿಗರಿಗೆ ಸುಮಾರು ಒಂದೂವರೆ ದಿನ ಸಾಕಾಗುತ್ತಿತ್ತು. ಇಂಗ್ಲೆಂಡಿನವರಿಗೆ ಅದರ ಎರಡರಷ್ಟು ಸಮಯ ಹಿಡಿಯುತ್ತಿತ್ತು. ಹಳ್ಳಿಗರ ಊಟದಲ್ಲಿ ನಾರು ಹೆಚ್ಚಿತ್ತು, ಕೊಬ್ಬು ಕಡಿಮೆ ಇತ್ತು. ನಾರು ಹೆಚ್ಚಿರುವುದೇ ಮುಖ್ಯ ಕಾರಣವೆಂದು ಬರ್ಕಿಟ್ 1971ರಲ್ಲಿ ಪ್ರಕಟಿಸಿದರು.

ಕೊಬ್ಬಿಗೂ ಕ್ಯಾನ್ಸರಿಗೂ ಏನು ಸಂಬಂಧ? ಕೊಬ್ಬು ಜೀರ್ಣವಾಗಲು ಪಿತ್ತರಸ ಬೇಕು. ಕೊಬ್ಬು ಹೆಚ್ಚಾದರೆ ಹೆಚ್ಚು ಪಿತ್ತರಸ ದೊಡ್ಡ ಕರುಳನ್ನು ಸೇರುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದರ ಆಮ್ಲಗಳನ್ನು ಕರುಳಿನ ಒಳಪದರಕ್ಕೆ ಹಾನಿ ಮಾಡುವ ವಸ್ತುಗಳಾಗಿ ಬದಲಿಸುತ್ತವೆ. ನಾರು ಇವನ್ನು ಬೇಗ ಹೊರಗೆ ಸಾಗಿಸುತ್ತದೆ.

ಆದರೆ ಆಹಾರವೊಂದೇ ಕಾರಣವಲ್ಲ. ಕರುಳಿನ ಒಳಪದರದ ಜೀವಕೋಶಗಳು ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತವೆ. ಪ್ರತಿ ಸಲವೂ ಡಿ.ಎನ್.ಎ. ನಕಲಾಗಬೇಕು. ನಕಲಿನಲ್ಲಿ ತಪ್ಪಾದರೆ ಅದನ್ನು ತಿದ್ದಿಸುವ ವಂಶವಾಹಿಗಳು, ಅಂದರೆ ಜೀನ್‌ಗಳು, ನಮ್ಮಲ್ಲಿವೆ. ಕೆಲವು ಕುಟುಂಬಗಳಲ್ಲಿ ದೋಷವಿರುವ ತಿದ್ದುವ ಜೀನ್ ಹೆತ್ತವರಿಂದ ಮಕ್ಕಳಿಗೆ ಬರುತ್ತದೆ. ಅಂಥವರಲ್ಲಿ ತಪ್ಪುಗಳು ಕೂಡುತ್ತಾ ಹೋಗಿ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು. ಇದಕ್ಕೆ ಲಿಂಚ್ ಸಿಂಡ್ರೋಮ್ ಎಂದು ಹೆಸರು. ದೊಡ್ಡ ಕರುಳಿನ ಕ್ಯಾನ್ಸರ್ ಇರುವ ನೂರು ಮಂದಿಯಲ್ಲಿ ಸುಮಾರು ಮೂವರಿಗೆ ಈ ದೋಷವಿರುತ್ತದೆ. ಇಂತಹ ಮೊದಲ ಜೀನ್ ಪತ್ತೆಯಾದದ್ದು 1993ರ ಕೊನೆಯಲ್ಲಿ. ಅದೇ ವರ್ಷದ ಮಾರ್ಚ್ 23ರಂದು ಬರ್ಕಿಟ್ ತೀರಿಕೊಂಡಿದ್ದರು.

ಅವರ ಪ್ರಶ್ನೆ ಅಲ್ಲಿಗೆ ನಿಲ್ಲಲಿಲ್ಲ. 2015ರಲ್ಲಿ ಒಂದು ಪ್ರಯೋಗದ ಫಲ ಪ್ರಕಟವಾಯಿತು. ಆಫ್ರಿಕ ಮೂಲದ 20 ಅಮೆರಿಕನ್ನರು ಮತ್ತು ದಕ್ಷಿಣ ಆಫ್ರಿಕದ 20 ಹಳ್ಳಿಗರು ಎರಡು ವಾರ ಊಟ ಅದಲು ಬದಲು ಮಾಡಿಕೊಂಡರು. ನಾರಿನ ಊಟ ಮಾಡಿದ ಅಮೆರಿಕನ್ನರ ಕರುಳಿನ ಉರಿಯೂತ ತಗ್ಗಿತು. ಕೊಬ್ಬಿನ ಊಟ ಮಾಡಿದ ಹಳ್ಳಿಗರಲ್ಲಿ ಅಪಾಯದ ಗುರುತುಗಳು ಹೆಚ್ಚಿದವು. ಅವರ ಜೀನ್‌ಗಳು ಮೊದಲಿನವೇ, ಬದಲಾದದ್ದು ತಟ್ಟೆ.

ನಮ್ಮ ಕೊಡಗಿನಲ್ಲಿ ನಾರಿಗೆ ಬರವಿಲ್ಲ. ಮಳೆಗಾಲದ ಕಣಿಲೆ, ಕೆಸುವಿನ ಎಲೆ, ತೋಟದ ಹಣ್ಣು, ಸೊಪ್ಪು, ಶಾಲೆಯ ಬಿಸಿಯೂಟದ ಬೇಳೆ ಮತ್ತು ತರಕಾರಿ, ಇವೆಲ್ಲದರಲ್ಲೂ ನಾರಿದೆ. ಹಬ್ಬಕ್ಕೆ ಪಂದಿಕರಿ ಇರಲಿ. ದಿನದ ಊಟದಲ್ಲಿ ಸೊಪ್ಪು, ಕಾಳು ತಪ್ಪದಿರಲಿ. ಕರಿದ ತಿಂಡಿ ಮಿತವಾಗಿರಲಿ.

ಮನೆಯಲ್ಲಿ ಯಾರಿಗಾದರೂ ಈ ರೋಗವಿದ್ದರೆ ಅವರಿಂದ ದೂರ ಸರಿಯಬೇಡಿ. ಇದು ಅಂಟುರೋಗವಲ್ಲ. ಹತ್ತಿರದ ಸಂಬಂಧಿಕರಿಗೆ ಈ ರೋಗ ಬಂದಿದ್ದರೆ ಹಿರಿಯರು ವೈದ್ಯರಿಗೆ ಅದನ್ನು ತಪ್ಪದೆ ತಿಳಿಸಬೇಕು. ಬೇಗ ಪರೀಕ್ಷೆ ಮಾಡಿಸಿದರೆ ಕರುಳಿನ ಸಣ್ಣ ಗಂಟುಗಳನ್ನು ಅವು ಕ್ಯಾನ್ಸರ್ ಆಗುವ ಮುನ್ನವೇ ತೆಗೆಯಬಹುದು.