ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು ಮತ್ತು ವಿದ್ಯೆಯ ಋಣ

1838ರಲ್ಲಿ ಗುಬ್ಬಿಯಲ್ಲಿ ಜನಿಸಿದ ಶರಣ ತೋಟದಪ್ಪನವರು ಬೆಂಗಳೂರಿನ ಮಾಮೂಲುಪೇಟೆಯಲ್ಲಿ ಸಣ್ಣ ಅಂಗಡಿಯಿಂದ ವ್ಯಾಪಾರ ಆರಂಭಿಸಿ ಶ್ರೀಮಂತರಾದರು. ಅವರಿಗೆ ಮಕ್ಕಳಿರಲಿಲ್ಲ. ಗಳಿಸಿದ್ದನ್ನೆಲ್ಲ ದಾಸೋಹಕ್ಕೆ ಮೀಸಲಿಟ್ಟು, 1903ರಲ್ಲಿ ರೈಲು ನಿಲ್ದಾಣದ ಸಮೀಪ ಧರ್ಮಛತ್ರವನ್ನು ತೆರೆದರು. ಯಾತ್ರಿಕರಿಗೆ ಆಶ್ರಯ, ವೀರಶೈವ ವಿದ್ಯಾರ್ಥಿಗಳಿಗೆ ಉಚಿತ ನಿಲಯ. ಚನ್ನಪಟ್ಟಣ, ರಾಮನಗರಗಳ ಕಡೆಯಿಂದ ಮೈಸೂರು ರೈಲಿನಲ್ಲಿ ಬಂದಿಳಿಯುವ ಬಡ ಹುಡುಗನಿಗೆ ಅದು ಕೂಗಳತೆಯ ದೂರ. ಮಾಗಡಿ, ಕನಕಪುರಗಳಿಗಾದರೋ ರೈಲೇ ಇರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ಧರ್ಮಪ್ರವರ್ತ ಬಿರುದನ್ನಿತ್ತು ಗೌರವಿಸಿದರು. 1910ರಲ್ಲಿ ತೋಟದಪ್ಪನವರು ಲಿಂಗೈಕ್ಯರಾದರು.

ಮಾಗಡಿ ತಾಲ್ಲೂಕಿನ ವೀರಾಪುರದ ಶಿವಣ್ಣ 1927ರಲ್ಲಿ ಸೆಂಟ್ರಲ್ ಕಾಲೇಜು ಸೇರಿ ಈ ಛತ್ರದ ಆಶ್ರಯದಲ್ಲಿ ಓದಿದರು. ಪತ್ರವಿಲ್ಲ, ಬಡ್ಡಿಯಿಲ್ಲ; ಕೊಟ್ಟವರೂ ಇಲ್ಲ. ಇಂತಹ ಋಣವನ್ನು ಯಾರಿಗೆ ಸಲ್ಲಿಸುವುದು? ಇಂದಿನ ಬ್ಯಾಂಕಿನ ವಿದ್ಯಾಸಾಲದ ಮಾತು ಬೇರೆ. ಅದನ್ನು ಕಾಯಕದ ಗಳಿಕೆಯಿಂದ ಬ್ಯಾಂಕಿಗೇ ತೀರಿಸತಕ್ಕದ್ದು, ಅದರಲ್ಲಿ ಸಂದೇಹವಿಲ್ಲ. ಶಿವಣ್ಣನವರು ಪದವಿ ಪೂರೈಸುವ ಮೊದಲೇ, 1930ರಲ್ಲಿ, ಸಿದ್ಧಗಂಗೆಯ ಉತ್ತರಾಧಿಕಾರಿಯಾಗಿ ಶಿವಕುಮಾರ ಸ್ವಾಮಿಗಳಾದರು. ಊರೂರು ತಿರುಗಿ ಭಿಕ್ಷೆ ಎತ್ತಿ, ಜಾತಿಮತ ಕೇಳದೆ ಸಹಸ್ರಾರು ವಿದ್ಯಾರ್ಥಿಗಳಿಗೆ ಅನ್ನ, ಅಕ್ಷರ, ಆಶ್ರಯವನ್ನಿತ್ತರು.