ಹೆನ್ರಿ ಮಾಡ್ಸ್ಲಿ: ಲೇತ್‌ಗೆ ಗಟ್ಟಿ ಕೈ ಕೊಟ್ಟವನು

ಮೊದಲ ವರ್ಷದ ವರ್ಕ್‌ಶಾಪ್ ನೆನಪಿದೆಯಾ? ಲೇತ್‌ನ ಕ್ರಾಸ್ ಸ್ಲೈಡ್ ಸಡಿಲವಾಗಿದ್ರೆ ಟೂಲ್ ನಡುಗುತ್ತೆ, ಜಾಬ್ ಮೇಲೆ ಅಲೆ ಅಲೆ ಗುರುತು ಬೀಳುತ್ತೆ. ಗಿಬ್ ಸ್ಕ್ರೂ ಜಾಸ್ತಿ ಬಿಗಿ ಮಾಡಿದ್ರೆ ಹ್ಯಾಂಡಲ್ ತಿರುಗೋದೇ ಇಲ್ಲ. ಸಡಿಲಕ್ಕೂ ಬಿಗಿಗೂ ನಡುವಿನ ಆ ಹದಕ್ಕಾಗಿಯೇ ಬದುಕು ಸವೆಸಿದ ಒಬ್ಬನ ಕಥೆ ಇದು.

ಹೆನ್ರಿ ಮಾಡ್ಸ್ಲಿ ಹುಟ್ಟಿದ್ದು 1771ರಲ್ಲಿ, ಲಂಡನ್ ಹತ್ತಿರದ ವುಲಿಚ್‌ನಲ್ಲಿ. 12ನೇ ವಯಸ್ಸಿಗೇ ಅಲ್ಲಿನ ಶಸ್ತ್ರಾಗಾರದಲ್ಲಿ ತೋಟಾಗಳಿಗೆ ಮದ್ದು ತುಂಬುವ ಕೆಲಸ. ಆಮೇಲೆ ಬಡಗಿಗಳ ಜೊತೆ, ನಂತರ ಕಮ್ಮಾರಸಾಲೆಯಲ್ಲಿ. ಕೈಚಳಕದ ಸುದ್ದಿ ಹಬ್ಬಿ, 18ರ ಹೊತ್ತಿಗೆ ಬೀಗ ತಯಾರಕ ಜೋಸೆಫ್ ಬ್ರಾಮಾ ಅವನನ್ನು ಕರೆಸಿಕೊಂಡ. ಬ್ರಾಮಾನ ಬೀಗ ಎಷ್ಟು ಜಾಣತನದ್ದೋ ಮಾಡೋಕೆ ಅಷ್ಟೇ ಕಷ್ಟದ್ದು. ಅದನ್ನು ಮಾಡುವ ಯಂತ್ರಗಳನ್ನು ಮಾಡ್ಸ್ಲಿ ಕಟ್ಟಿಕೊಟ್ಟ, ಮುಖ್ಯ ಮೇಸ್ತ್ರಿಯೂ ಆದ. ಮದುವೆಯಾಯ್ತು, ಸಂಸಾರ ಬೆಳೀತು. 1797ರಲ್ಲಿ ವಾರದ ಸಂಬಳ 30 ಶಿಲ್ಲಿಂಗ್‌ಗಿಂತ ಹೆಚ್ಚು ಬೇಕು ಅಂತ ಕೇಳಿದ. ಬ್ರಾಮಾ ಒಪ್ಪಲಿಲ್ಲ. ಮಾಡ್ಸ್ಲಿ ಕೆಲಸ ಬಿಟ್ಟು ಲಂಡನ್ನಿನ ವೆಲ್ಸ್ ಬೀದಿಯಲ್ಲಿ ತನ್ನದೇ ಪುಟ್ಟ ಅಂಗಡಿ ತೆರೆದ.

ಆಗೆಲ್ಲ ಟರ್ನರ್‌ಗಳು ಸಾಮಾನ್ಯವಾಗಿ ಟೂಲನ್ನು ಕೈಯಲ್ಲೇ ಹಿಡಿದು ಲೋಹ ಕೊರೆಯುತ್ತಿದ್ದರು. ಕೈ ಸೋತರೆ ಅಳತೆ ತಪ್ಪಿತು. ಒಂದು ಬೋಲ್ಟಿನ ನಟ್ಟು ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಟೂಲನ್ನು ಜಾರುವ ಸ್ಲೈಡ್ ಮೇಲೆ ಕೂರಿಸುವ ಯೋಚನೆ ಮಾಡ್ಸ್ಲಿಗಿಂತ ಮೊದಲೇ ಇತ್ತು. ಫ್ರಾನ್ಸಿನ ವೋಕಾನ್ಸನ್ ಅಂಥ ಲೇತ್ ಮಾಡಿದ್ದ. ಮಾಡ್ಸ್ಲಿ ಮಾಡಿದ್ದು ಬೇರೆ: ನೇರವಾದ ಲೋಹದ ಹಳಿ, ಅದರ ಮೇಲೆ ಆಟವಿಲ್ಲದೆ ಜಾರುವ ಸ್ಲೈಡ್, ಅದನ್ನು ನಡೆಸುವ ಲೀಡ್ ಸ್ಕ್ರೂ, ಬದಲಾಯಿಸಬಹುದಾದ ಗಿಯರ್‌ಗಳು. ಇವೆಲ್ಲವನ್ನೂ ಒಂದೇ ಯಂತ್ರದಲ್ಲಿ ಸರಿಯಾಗಿ ಕೂರಿಸಿದ. ಸುಮಾರು 1800ರ ಹೊತ್ತಿಗೆ ಆ ಲೇತ್ ಒಂದೇ ಥರದ ಸ್ಕ್ರೂಗಳನ್ನು ಮತ್ತೆ ಮತ್ತೆ ಕೊರೆಯುತ್ತಿತ್ತು.

ಮುಂದೆ ಮಾರ್ಕ್ ಬ್ರುನೆಲ್‌ನ ವಿನ್ಯಾಸದಂತೆ ಪೋರ್ಟ್ಸ್‌ಮತ್ ಹಡಗುಕಟ್ಟೆಗೆ ಮರದ ರಾಟೆ ಮಾಡುವ 40ಕ್ಕೂ ಹೆಚ್ಚು ಯಂತ್ರಗಳನ್ನು ಕಟ್ಟಿದ. 110 ಕುಶಲಿಗರ ಕೆಲಸವನ್ನು 10 ಮಂದಿ ಸಾಮಾನ್ಯ ಆಳುಗಳು ಮಾಡುವಂತಾಯ್ತು. ದೇಶಕ್ಕೆ ಲಾಭ, ನಿಜ. ಆದರೆ ಕೈಕೆಲಸ ನಂಬಿದ್ದ ಉಳಿದ ನೂರು ಜನರ ಲೆಕ್ಕವನ್ನೂ ನಾವು ಮರೆಯಬಾರದು ಅಲ್ವಾ?

ಇಲ್ಲೊಂದು ತಮಾಷೆ ಇದೆ. ಕೈಚಳಕ ಬೇಡದ ಆ ಯಂತ್ರಗಳು ಹುಟ್ಟಿದ್ದು ಕೈಚಳಕದಿಂದಲೇ. ಮಾಡ್ಸ್ಲಿಯ ಕಾರ್ಖಾನೆಯಲ್ಲಿ ಕೆಲಸಗಾರರ ಬೆಂಚಿನ ಮೇಲೆ ಸರ್ಫೇಸ್ ಪ್ಲೇಟ್ ಇರುತ್ತಿತ್ತು. ಮಾಡಿದ ಭಾಗವನ್ನು ಅದರ ಮೇಲಿಟ್ಟು ನೋಡಬೇಕು, ಉಬ್ಬಿದ ಜಾಗವನ್ನಷ್ಟೇ ತೆಗೆಯಬೇಕು, ಮತ್ತೆ ಇಟ್ಟು ನೋಡಬೇಕು. ಜಗಳ ಬಂದರೆ ತೀರ್ಪು ಹೇಳೋಕೆ ಅವನದೇ ಒಂದು ಮೈಕ್ರೋಮೀಟರ್ ಇತ್ತು, ಅದಕ್ಕೆ ಲಾರ್ಡ್ ಚಾನ್ಸಲರ್ ಅಂತಲೇ ಹೆಸರು! ರಿಚರ್ಡ್ ರಾಬರ್ಟ್ಸ್, ವಿಟ್‌ವರ್ತ್, ನ್ಯಾಸ್ಮಿತ್ ಎಲ್ಲರೂ ಅಲ್ಲಿ ದುಡಿದು ಪಳಗಿದವರೇ.

1831ರ ಫೆಬ್ರವರಿಯಲ್ಲಿ ಮಾಡ್ಸ್ಲಿ ತೀರಿಕೊಂಡ. ಹುಟ್ಟೂರು ವುಲಿಚ್‌ನಲ್ಲೇ ಮಣ್ಣಾದ.

ಮುಂದಿನ ಸಲ ಲ್ಯಾಬ್‌ನಲ್ಲಿ ಗಿಬ್ ಸ್ಕ್ರೂ ತಿರುಗಿಸುವಾಗ ಅವಸರ ಮಾಡಬೇಡಿ. ಸ್ವಲ್ಪ ಬಿಗಿ ಮಾಡಿ, ಹ್ಯಾಂಡಲ್ ತಿರುಗಿಸಿ ನೋಡಿ, ಮತ್ತೆ ಸ್ವಲ್ಪ. ಹದ ಸಿಕ್ಕಿದ್ದು ಮೊದಲು ಗೊತ್ತಾಗೋದು ನಿಮ್ಮ ಕೈಗೇ.